ಮಗಳ ಬಗ್ಗೆ ವಿಚಾರಿಸಲು ಬಂದವರು

ರೈಲ್ವೆ ಕ್ವಾರ್ಟರ್ಸ್, ವಾಡಿ ಜಂಕ್ಷನ್
೯ ಫೆಬ್ರುವರಿ ೧೯೭೮

ಚಿ. ವಾರಿಜಾಳಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಪಾರ್ಸೆಲ್ ಆಫೀಸಿನಲ್ಲಿ ಇವತ್ತು ಕೈತುಂಬ ಕೆಲಸ. ಆದರೂ ಇಲ್ಲಿಯ ಮೇಜಿನ ಮೇಲೆಯೇ ಬರೆಯುತ್ತಿದ್ದೇನೆ, ಏಕೆಂದರೆ ಸಂಜೆಯ ತನಕ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಸುದ್ದಿ ಇದಲ್ಲ.

ಸೇಡಂನ ಮನೆತನದ ಬಗ್ಗೆ ನಿನ್ನ ಗೋಪಾಲಮಾಮಾ ಬರೆದದ್ದು ನಿನಗೆ ಗೊತ್ತಿದೆ. ಹುಡುಗ ತಹಶೀಲ ಕಚೇರಿಯಲ್ಲಿದ್ದಾನೆ, ಒಬ್ಬನೇ ಮಗ. ಅವರ ಕಡೆಯ ಹಿರಿಯರೊಬ್ಬರು ಮುಂಚೆ ತಿಳಿಸದೆ ಬಂದು ಮನೆ ನೋಡಿಕೊಂಡು ಹೋಗುತ್ತಾರೆ, ಎಚ್ಚರದಿಂದಿರಿ ಎಂದು ಮಾಮಾ ಹೇಳಿ ಕಳಿಸಿದ್ದ. ನಿನ್ನೆ ಬಂದರು.

ಸೇಡಂ ಮೇಲಿಂದ ಬರುವ ಸಿಕಂದರಾಬಾದ ಗಾಡಿ ಆಗಷ್ಟೇ ಬಂದಿತ್ತು. ಬೂಟು ಹಾಕಿಕೊಂಡು, ಚರ್ಮದ ಚೀಲ ಹಿಡಿದ ಗೃಹಸ್ಥರೊಬ್ಬರು ಬಾಗಿಲಲ್ಲಿ ನಿಂತು, "ಗುರುರಾಜ ಅವರ ಮನೆ ಇದೇನಾ? ನಿಮ್ಮ ಮಗಳ ಬಗ್ಗೆ ಸ್ವಲ್ಪ ವಿಚಾರಿಸಬೇಕಿತ್ತು. ನಾನು ಗುಲಬರ್ಗಾದ..." ಎಂದರು. ಮುಂದಿನ ಮಾತು ಅವರ ಬಾಯಿಂದ ಬೀಳಲು ನಾನು ಬಿಡಲಿಲ್ಲ. "ಗೊತ್ತದರಿ, ಎಲ್ಲಾ ಗೊತ್ತದ. ನಿಮ್ಮ ದಾರೀನೇ ನೋಡಲಿಕತ್ತಿದ್ವಿ. ಬರ್ರಿ, ಕುಂದರ್ರಿ" ಎಂದು ಕೈಹಿಡಿದು ಒಳಗೆ ಕರೆದುಕೊಂಡೆ. ಕನ್ಯೆ ವಿಚಾರಿಸಲು ಬಂದವರನ್ನು ನೀವು ಯಾರು, ಯಾವ ಊರು ಎಂದು ಹೊಸ್ತಿಲಲ್ಲಿ ನಿಲ್ಲಿಸಿ ಕೇಳುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲ. ಮೊದಲು ಬಾಯಿ ಸಿಹಿ ಆಗಬೇಕು. ನಿನ್ನ ಅವ್ವ ಶಿರಾ ಮಾಡಿದಳು, ಎರಡು ಸಲ ಹಾಕಿಸಿಕೊಂಡರು.

ಎಂಥ ಶಿಸ್ತಿನ ಮನುಷ್ಯರು ಅಂತೀ! ಹೇಳಿದ್ದನ್ನೆಲ್ಲ ಬರೆದುಕೊಂಡರು. ಮನೆಯ ಮೇಲೆ ಸಾಲವಿದೆಯೇ, ಯಾರ ಮೇಲಾದರೂ ಪೊಲೀಸ್ ಕೇಸು ಇದೆಯೇ ಎಂದು ಕೇಳಿದರು. ನೀನು ಹಣಕಾಸಿನ ಪೇಪರಿನಲ್ಲಿ ಎಷ್ಟು ಅಂಕ ತೆಗೆದಿದ್ದೀ ಎಂದೂ ಕೇಳಿದರು. ಸೇಡಂ ಮಂದಿ ಭಾರಿ ಹುಷಾರು ಎಂದುಕೊಂಡೆ. ಕಡೆಗೆ ಮುಖ್ಯವಾದ ಮಾತು ತೆಗೆದರು: "ಮದುವೆ ಆದ ಮೇಲೂ ಕೆಲಸಕ್ಕೆ ಹೋಗ್ತಾರಾ?"

ನಾನು ಒಂದು ಗಳಿಗೆ ಯೋಚಿಸಲಿಲ್ಲ. "ಅದರ ಚಿಂತಿ ಬಿಡ್ರಿ. ಬ್ಯಾಡ ಅಂದ್ರ ಒಂದು ದಿನಾನೂ ಹೋಗಂಗಿಲ್ಲ. ಕಲಿಸೀವಿ, ಅಷ್ಟ. ಮಗಳ ದುಡಿಕಿ ತಿನ್ನೋ ಮಂದಿ ಅಲ್ಲರಿ ನಾವು" ಎಂದೆ. ಅವರು ನನ್ನ ಮುಖ ನೋಡಿದರು, ಅದನ್ನೂ ಬರೆದುಕೊಂಡರು. "ಸ್ಪಷ್ಟವಾಗಿ ಹೇಳಿದ್ದು ಒಳ್ಳೆಯದಾಯಿತು" ಎಂದು ಎದ್ದರು. ಕೆಲಸ ಆದಂತೆಯೇ ಎಂದು ನನ್ನ ಮನಸ್ಸು ಹೇಳುತ್ತಿದೆ.

ಅವ್ವ ಆಶೀರ್ವಾದ ತಿಳಿಸಿದ್ದಾಳೆ.

ನಿನ್ನ ಅಪ್ಪ,
ಗುರುರಾಜ

*

ಮಹಿಳಾ ವಸತಿಗೃಹ, ಧಾರವಾಡ
೧೬ ಫೆಬ್ರುವರಿ ೧೯೭೮

ತೀರ್ಥರೂಪ ಅಪ್ಪನಿಗೆ ವಾರಿಜಾಳ ನಮಸ್ಕಾರಗಳು.

ನಿಮ್ಮ ಕಾಗದ ಓದಿ ನಗು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟೇ ಇನ್ನೂ ಉಳಿದಿದೆ. ಎಂ.ಕಾಂ. ಕೊನೆಯ ಪರೀಕ್ಷೆಗೆ ಇನ್ನು ಮೂರು ತಿಂಗಳಿಲ್ಲ. ಈಗ ಸೇಡಂನವರು, ಶಿರಾ! ನನ್ನ ಪರವಾಗಿ ಕೆಲಸ ಬಿಡುವ ಮಾತನ್ನು ಕೊಡಲು ನಿಮಗೆ ಯಾರು ಹೇಳಿದರು? ಆ ಕೆಲಸ ನನಗಿನ್ನೂ ಸಿಕ್ಕೇ ಇಲ್ಲ, ನೀವು ಆಗಲೇ ಬಿಡಿಸಿಬಿಟ್ಟಿರಿ. ಹೋಗಲಿ, ಅವರ ಹತ್ತಿರ ಆಡಿದ ಮಾತನ್ನು ಊರಿಗೆ ಬಂದಾಗ ನಾನೇ ಬಗೆಹರಿಸುತ್ತೇನೆ.

ಬೆಂಗಳೂರಿನಲ್ಲಿ ನಡೆದ ಬ್ಯಾಂಕಿನ ಸಂದರ್ಶನದ ವಿಷಯ ಬರೆಯುವುದು ಉಳಿದಿತ್ತು. ಎದುರಿಗೆ ಹಿರಿಯರು ಸಾಲಾಗಿ ಕೂತಿದ್ದರು. ಶಹಾಬಾದದ ಕಲ್ಲಿನ ವ್ಯಾಪಾರಿಗೆ ಸಾಲ ಕೊಡುವಾಗ ಏನು ನೋಡುತ್ತೀ ಎಂದು ಕೇಳಿದರು. ನನ್ನ ಅದೃಷ್ಟ! ನನ್ನ ಸಹಪಾಠಿ ಜಹಾಂಗೀರ ಶಹಾಬಾದದವನೇ, ಅವನ ತಂದೆಯದು ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಯಾರ್ಡು. ಕಲ್ಲು ಮಳೆಗೆ ಕೆಡುವುದಿಲ್ಲ, ಬಿಸಿಲಿಗೆ ಕೆಡುವುದಿಲ್ಲ, ಆದ್ದರಿಂದ ವ್ಯಾಪಾರಿ ರಾಶಿ ಹಾಕುತ್ತಲೇ ಹೋಗುತ್ತಾನೆ. ಕಲ್ಲು ಕೆಡದಿದ್ದರೂ ಅದರಲ್ಲಿ ಹೂತ ದುಡ್ಡು ಸತ್ತು ಬಿದ್ದಿರುತ್ತದೆ, ಮೊದಲು ಅದನ್ನು ನೋಡುತ್ತೇನೆ ಎಂದೆ. ಒಬ್ಬರು ತಲೆದೂಗಿದರು. ಪಕ್ಕದವರು, "ಹಾಡು ಬರುತ್ತದೆಯೇ?" ಎಂದು ಕೇಳಿದರು. ಅಪ್ಪಾ, ಬ್ಯಾಂಕಿನ ಅಧಿಕಾರಿ ಹುದ್ದೆಗೆ! ಅನುಪಾತಗಳೆಲ್ಲ ಬಾಯಿಪಾಠ ಬರುತ್ತವೆ, ರಾಗ ಹಾಕಿ ಹೇಳಲೇ ಎಂದೆ. ಜಹಾಂಗೀರನಿಗೆ ಯಾರೂ ಹಾಡು ಕೇಳಲಿಲ್ಲ.

ಅಷ್ಟಾದರೂ ನಮ್ಮಿಬ್ಬರ ಹೆಸರೂ ಆಯ್ಕೆಯ ಪಟ್ಟಿಯಲ್ಲಿದೆ. ಇನ್ನು ಬ್ಯಾಂಕಿನವರು ಮನೆಗೊಮ್ಮೆ ಬಂದು ವಿಚಾರಿಸುವುದಷ್ಟೇ ಬಾಕಿ. ಜಹಾಂಗೀರನ ಮನೆಗೆ ಹೋದ ವಾರವೇ ಬಂದು ಹೋದರಂತೆ. ನಮ್ಮ ಮನೆಗೂ ಗುಲಬರ್ಗಾದ ಕಚೇರಿಯಿಂದ ಒಬ್ಬ ಅಧಿಕಾರಿ ಬರುತ್ತಾರೆ. ಚಹಾ ಕೊಟ್ಟು ಇದ್ದದ್ದನ್ನು ಇದ್ದಂತೆ ಹೇಳಿ. ಅದು ಮುಗಿದರೆ ಮಾರ್ಚಿನಲ್ಲಿ ಆರ್ಡರ್ ಕೈಗೆ ಬರುತ್ತದೆ.

ಈ ಹುದ್ದೆಗಾಗಿ ನಾನು ಎಷ್ಟು ಓದಿದ್ದೇನೆ ಎಂಬುದು ನಿಮಗೆ ಗೊತ್ತು. ಅವ್ವನಿಗೆ ನಮಸ್ಕಾರ.

ವಾರಿಜಾ

*

ಧಾರವಾಡ
೩೦ ಮಾರ್ಚ್ ೧೯೭೮

ಅಪ್ಪನಿಗೆ,

ಒಂದೂವರೆ ತಿಂಗಳು ನಿಮ್ಮಿಂದ ಒಂದು ಸಾಲು ಬರಲಿಲ್ಲ. ಏಕೆಂದು ಇವತ್ತು ತಿಳಿಯಿತು. ಬ್ಯಾಂಕಿನ ಕಾಗದವನ್ನು ಇದ್ದಂತೆ ಬರೆಯುತ್ತೇನೆ, ಓದಿ:

"ಪೂರ್ವಭಾವಿ ವಿಚಾರಣೆಯ ಕಾಲಕ್ಕೆ, ವಿವಾಹಾನಂತರ ತಾವು ಸೇವೆಯಲ್ಲಿ ಮುಂದುವರಿಯುವುದಿಲ್ಲವೆಂದು ತಮ್ಮ ತಂದೆಯವರೇ ಸ್ಪಷ್ಟವಾಗಿ ತಿಳಿಸಿರುವ ಕಾರಣ, ತಮ್ಮ ನೇಮಕವನ್ನು ತಡೆಹಿಡಿಯಲಾಗಿದೆ."

ಆ ಬೂಟಿನ ಗೃಹಸ್ಥರು ಸೇಡಂನವರಲ್ಲ. ನನ್ನ ಕಾಗದ ಓದಿದ ದಿನವೇ ನಿಮಗೆ ಇದು ಗೊತ್ತಾಗಿತ್ತು. ಗೊತ್ತಾಗಿಯೂ ಬಾಯಿ ಮುಚ್ಚಿ ಕೂತಿರಿ. ಆಗಲೇ ಒಂದು ಕಾರ್ಡು ಹಾಕಿದ್ದರೆ ನಾನು ಗುಲಬರ್ಗಾಕ್ಕೆ ಓಡಿ ಹೋಗಿ ಕಾಲು ಹಿಡಿದೋ ಜಗಳ ಮಾಡಿಯೋ ಸರಿಮಾಡುತ್ತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನಗೆ ಚಿಕ್ಕಂದಿನಿಂದ ಹೇಳಿಕೊಟ್ಟವರು ನೀವು!

ಎರಡು ವರ್ಷ ನಾನು ಇಲ್ಲಿ ಏನು ಮಾಡಿದೆ ಎಂದುಕೊಂಡಿದ್ದೀರಿ? ನಮ್ಮ ತರಗತಿಯಲ್ಲಿ ಹುಡುಗಿಯರೇ ಬೆರಳೆಣಿಕೆ. ಬಂಡವಾಳದ ಪಾಠಕ್ಕೆ ಹಿಂದಿನ ಬೆಂಚಿನಿಂದ, "ಇವರಿಗ್ಯಾಕ ಇದು, ಸಂತಿ ಲೆಕ್ಕಾ ಬಂದ್ರ ಸಾಕು" ಎನ್ನುತ್ತಿದ್ದರು. ನಾನು ತಿರುಗಿ ನೋಡಲಿಲ್ಲ. ವರ್ತಮಾನಪತ್ರಿಕೆಯಲ್ಲಿ ಬಂದ ಕಂಪನಿಗಳ ಆಸ್ತಿ-ಸಾಲದ ಅಢಾವೆ ಪತ್ರಿಕೆಗಳನ್ನು ಕತ್ತರಿಸಿಟ್ಟುಕೊಂಡು, ಯಾವ ಕಂಪನಿ ಉಳಿಯುತ್ತದೆ ಯಾವುದು ಮುಳುಗುತ್ತದೆ ಎಂದು ನಾನೂ ಜಹಾಂಗೀರನೂ ಪಂದ್ಯ ಕಟ್ಟಿ ಓದಿದೆವು. ಹಿಂದಿನ ಬೆಂಚಿನವರು ಯಾರೂ ಬ್ಯಾಂಕಿನ ಲಿಖಿತ ಪರೀಕ್ಷೆ ಪಾಸಾಗಲಿಲ್ಲ. ನಾನು ಆದೆ. ಆ ಬೆಂಚಿನವರ ಮಾತನ್ನೇ ನನ್ನ ಅಪ್ಪ ನಮ್ಮ ಮನೆಯಲ್ಲಿ ಕೂತು ಬ್ಯಾಂಕಿನವರಿಗೆ ಬರೆಸಿದ.

ತಪ್ಪು ಮನುಷ್ಯನಿಗೆ ಹೇಳಿದೆ ಎಂದು ನೀವು ಹೇಳುತ್ತೀರಿ, ನನಗೆ ಗೊತ್ತು. ಅದಕ್ಕೇ ಒಂದು ಮಾತು ಕೇಳುತ್ತೇನೆ. ಬಂದವರು ಖರೆ ಸೇಡಂನವರೇ ಆಗಿದ್ದರೆ, ನೀವು ಹೇಳಿದ್ದು ಸರಿಯಾಗುತ್ತಿತ್ತೇ? ಇದಕ್ಕೆ ಉತ್ತರ ಬೇಕು.

ವಾರಿಜಾ

*

ವಾಡಿ
೫ ಏಪ್ರಿಲ್ ೧೯೭೮

ಚಿ. ವಾರಿಜಾಳಿಗೆ ಆಶೀರ್ವಾದಗಳು.

ನಿನ್ನ ಕಾಗದದಲ್ಲಿ 'ತೀರ್ಥರೂಪ' ಇರಲಿಲ್ಲ, ನಮಸ್ಕಾರವೂ ಇರಲಿಲ್ಲ. ಇರಲಿ.

ಸುಮ್ಮನೆ ಕೂತದ್ದು ಹೌದು. ಇವತ್ತು ಬರೆಯೋಣ, ನಾಳೆ ಬರೆಯೋಣ ಎಂದುಕೊಂಡೆ. ಆ ಮನುಷ್ಯ ಒಳ್ಳೆಯವನು, ಏನೂ ಆಗಲಿಕ್ಕಿಲ್ಲ ಎಂದೂ ಅಂದುಕೊಂಡೆ. ಆದರೆ ತಪ್ಪೆಲ್ಲ ನನ್ನ ಕೊರಳಿಗೇ ಕಟ್ಟುತ್ತೀಯಾ? ಬ್ಯಾಂಕಿನಿಂದ ಬಂದವನು ಬ್ಯಾಂಕಿನಿಂದ ಬಂದಿದ್ದೇನೆ ಎಂದು ಹೇಳಬಾರದೇ? ನಾನೇ ಮಾತಾಡಲು ಬಿಡಲಿಲ್ಲ ಎನ್ನುತ್ತೀಯೇನೋ! ಶಿರಾ ತಿನ್ನಲು ಬಾಯಿ ತೆರೆದವನಿಗೆ ಇಷ್ಟು ಹೇಳಲು ಬಾಯಿ ಬರಲಿಲ್ಲವೇ? "ಬೀಗರೇ" ಎಂದು ನಾನು ಮೂರು ನಾಲ್ಕು ಸಲ ಅಂದೆ. ಯಾವ ಬೀಗರು ಎಂದು ಒಮ್ಮೆಯಾದರೂ ಕೇಳಿದನೇ? ಎತ್ತು ಈದಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಪೈಕಿ. ಇಂಥವರ ಕೈಯಲ್ಲಿ ದೇಶದ ಬ್ಯಾಂಕುಗಳು!

ಇನ್ನೊಂದು ಮಾತು. ಮಗಳ ದುಡಿಕೆ ತಿನ್ನುವುದಿಲ್ಲ ಎಂದೆ. ಅದರಲ್ಲಿ ಏನು ತಪ್ಪು? ನಮ್ಮಪ್ಪ ಚಿತ್ತಾಪುರದಲ್ಲಿ ಮಠದ ಪೂಜೆ ಮಾಡಿಕೊಂಡು ಮೂರು ಹೆಣ್ಣುಮಕ್ಕಳ ಲಗ್ನ ಮಾಡಿದ, ಯಾರ ಮುಂದೆಯೂ ಕೈ ಚಾಚಲಿಲ್ಲ. ಆ ಮನೆತನದವನು ನಾನು. ಜನ ನನ್ನನ್ನು ನೋಡಿ, ಮಗಳನ್ನು ದುಡಿಸಿ ತಿನ್ನುತ್ತಾನೆ ಎನ್ನಬಾರದು ಎಂದು ಹೇಳಿದ ಮಾತು ಅದು. ನಿನಗೆ ಕೆಟ್ಟದ್ದು ಮಾಡಲು ಹೇಳಿದ್ದಲ್ಲ.

ಪರೀಕ್ಷೆ ಚೆನ್ನಾಗಿ ಮಾಡು. ಬ್ಯಾಂಕಿನ ಹೊರತು ಜಗತ್ತಿನಲ್ಲಿ ಬೇರೆ ಕೆಲಸಗಳಿಲ್ಲವೇ? ಕಾಲೇಜಿನಲ್ಲಿ ಪಾಠ ಹೇಳಬಹುದು.

ಅವ್ವ ಆಶೀರ್ವಾದ ತಿಳಿಸಿದ್ದಾಳೆ.

ಗುರುರಾಜ

*

ಧಾರವಾಡ
೧೨ ಏಪ್ರಿಲ್ ೧೯೭೮

ಪ್ರಾದೇಶಿಕ ವ್ಯವಸ್ಥಾಪಕರಿಗೆ, ಗುಲಬರ್ಗಾ

ಮಾನ್ಯರೇ,

ಈ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕೆಂದು ಸ್ನೇಹಿತರು ಹೇಳಿದರು. ನನಗೆ ಸಿಟ್ಟು ಕನ್ನಡದಲ್ಲಿ ಬರುತ್ತದೆ, ಆದ್ದರಿಂದ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ.

ನನ್ನ ನೇಮಕವನ್ನು ನನ್ನ ತಂದೆಯ ಒಂದು ಮಾತಿನ ಮೇಲೆ ತಡೆದಿದ್ದೀರಿ. ತಮ್ಮ ಅಧಿಕಾರಿಯನ್ನು ನಮ್ಮ ತಂದೆ ಕನ್ಯೆ ನೋಡಲು ಬಂದ ಬೀಗರೆಂದು ತಿಳಿದು ಉಪಚಾರ ಮಾಡಿದರು, ಹಾಗೆಯೇ ಮಾತಾಡಿದರು. ತಾವು ಇದನ್ನು ಓದಿ ನಗಬಹುದು. ಆದರೆ ತಮ್ಮ ಅಧಿಕಾರಿ ಕೇಳಿದ ಪ್ರಶ್ನೆಗಳು ಬೀಗರು ಕೇಳುವಂಥವೇ ಆಗಿದ್ದವು ಎಂಬುದನ್ನೂ ತಾವು ಗಮನಿಸಬೇಕು.

ನನ್ನ ಜೊತೆ ಆಯ್ಕೆಯಾದ ಶಹಾಬಾದದ ಜಹಾಂಗೀರ ಅವರ ಮನೆಗೂ ತಮ್ಮ ಅದೇ ಅಧಿಕಾರಿ ಹೋಗಿದ್ದರು. ಜಹಾಂಗೀರ ಅವರಿಗೆ ಮಂಗನಿ, ಎಂದರೆ ನಿಶ್ಚಿತಾರ್ಥ, ಆಗಿದೆ, ಬರುವ ಚಳಿಗಾಲದಲ್ಲಿ ಮದುವೆ. ಮದುವೆಯಾದ ಮೇಲೆ ನಿಮ್ಮ ಮಗ ಕೆಲಸ ಬಿಡುತ್ತಾನೆಯೇ ಎಂದು ಅವರ ತಂದೆಯನ್ನು ಯಾರೂ ಕೇಳಲಿಲ್ಲ. ಕಲ್ಲಿಗೆ ಹೊಳಪು ಹೇಗೆ ಬರುತ್ತದೆ ಎಂದು ಕೇಳಿ, ಯಾರ್ಡು ನೋಡಿ, ಚಹಾ ಕುಡಿದು ಹೋದರಂತೆ. ಅವರ ಆರ್ಡರ್ ಬಂದಿದೆ. ಅವರು ಯೋಗ್ಯರು, ಅದರಲ್ಲಿ ನನಗೆ ಸಂಶಯವಿಲ್ಲ. ಲಿಖಿತ ಪರೀಕ್ಷೆಯಲ್ಲಿ ನನ್ನ ಅಂಕ ಅವರಿಗಿಂತ ಹೆಚ್ಚು ಎಂದು ಅವರೇ ತಮಗೆ ಬರೆದು ಕೊಡಲು ಸಿದ್ಧರಿದ್ದಾರೆ.

ನನಗೆ ವಯಸ್ಸು ಇಪ್ಪತ್ತಮೂರು. ಪರೀಕ್ಷೆ ಬರೆದವಳು ನಾನು, ಸಂದರ್ಶನಕ್ಕೆ ಕೂತವಳು ನಾನು. ಕೆಲಸದಲ್ಲಿ ಎಷ್ಟು ದಿನ ಇರುತ್ತೀ ಎಂಬುದನ್ನು ಕೇಳಬೇಕಾದರೆ ನನ್ನನ್ನು ಕೇಳಬೇಕು. ಕೇಳದೆ ಕೊಟ್ಟ ತೀರ್ಪನ್ನು ನಾನು ಒಪ್ಪುವುದಿಲ್ಲ. ಉತ್ತರವನ್ನು ಮೇಲಿನ ವಿಳಾಸಕ್ಕೆ ಬರೆಯಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಕು. ವಾರಿಜಾ ಗುರುರಾಜ

*

ವಾಡಿ
೬ ಮೇ ೧೯೭೮

ಚಿ. ವಾರಿಜಾಳಿಗೆ ಆಶೀರ್ವಾದಗಳು.

ಒಳ್ಳೆಯ ಸುದ್ದಿ! ಬ್ಯಾಂಕಿನಿಂದ ನನಗೆ ಕಾಗದ ಬಂದಿದೆ. ನೀನು ಬರೆದದ್ದನ್ನು ಅವರು ಓದಿದ್ದಾರೆ. ನಾನು ಗುಲಬರ್ಗಾಕ್ಕೆ ಹೋಗಿ, ಹಿಂದಿನ ಮಾತನ್ನು ವಾಪಸು ತೆಗೆದುಕೊಂಡು, ಮಗಳು ಮದುವೆಯ ನಂತರವೂ ಕೆಲಸ ಮಾಡಲು ನನ್ನ ಅಡ್ಡಿ-ಹರಕತ್ತಿಲ್ಲ ಎಂದು ಅವರ ಮುಂದೆ ಸಹಿ ಮಾಡಿಕೊಟ್ಟರೆ ಮರುವಿಚಾರ ಮಾಡುತ್ತಾರಂತೆ. ಇಷ್ಟೇ! ಒಂದು ಸಹಿಯ ಕೆಲಸ. ಮುಂದಿನ ವಾರ ರಜೆ ಹಾಕಿ ಹೋಗಿ ಬರುತ್ತೇನೆ. ಒಂದಲ್ಲ, ಹತ್ತು ಸಹಿ ಮಾಡುತ್ತೇನೆ. ಇನ್ನಾದರೂ ಸಿಟ್ಟು ಬಿಡು.

ಅಂದಹಾಗೆ, ಸೇಡಂನವರು ಈಗ ಖಂಡಿತ ಬರುತ್ತಾರಂತೆ. ಈ ಸಲ ಗೋಪಾಲಮಾಮಾನೇ ಜೊತೆಗೆ ಕರೆದುಕೊಂಡು ಬರುತ್ತಾನೆ, ಗುರುತು ತಪ್ಪುವ ಭಯವಿಲ್ಲ.

ಗುರುರಾಜ

*

ಧಾರವಾಡ
೧೦ ಮೇ ೧೯೭೮

ಅಪ್ಪಾ,

ನಾಳೆ ಹಣಕಾಸು ನಿರ್ವಹಣೆಯ ಪೇಪರು. ಓದುವುದು ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಸಹಿ ಮಾಡಬೇಡಿ.

ನನ್ನನ್ನು ಕೇಳಿ ಎಂದು ಅವರಿಗೆ ಎರಡು ಪುಟ ಬರೆದೆ. ಅವರು ಉತ್ತರವನ್ನು ನಿಮಗೆ ಬರೆದರು. ಇಷ್ಟಾದ ಮೇಲೂ ನಿಮಗೆ ಇದು ಒಳ್ಳೆಯ ಸುದ್ದಿಯಾಗಿ ಕಾಣುತ್ತದೆಯೇ? ನಾನೇನು ಜಾಮೀನು ಬೇಕಾದ ಸಾಲವೇ? ನೀವು ಒಂದು ಮಾತಿನಿಂದ ನನ್ನ ಕೆಲಸ ಕಳೆದಿರಿ, ಈಗ ಒಂದು ಸಹಿಯಿಂದ ಕೊಡಿಸುತ್ತೀರಿ. ಕೊಡಿಸಿದವರು ನಾಳೆ ಮನಸ್ಸು ಬದಲಾದರೆ ಮತ್ತೆ ಕಳೆಯಬಹುದು. ನೀವಾದ ಮೇಲೆ ಗಂಡ ಎನ್ನುವವನೊಬ್ಬ ಬಂದು, ನನ್ನ ಹರಕತ್ತಿದೆ ಎಂದು ಬರೆದರೆ ಬ್ಯಾಂಕಿನವರು ಅದನ್ನೂ ಫೈಲಿಗೆ ಹಚ್ಚುತ್ತಾರೆ. ಆ ರೂಢಿಯನ್ನು ನನ್ನಿಂದ ಶುರುಮಾಡಲು ನಾನು ಬಿಡುವುದಿಲ್ಲ.

ಈ ಹುದ್ದೆ ನನಗೆ ಎಷ್ಟು ಬೇಕು ಎಂದು ಹೇಳಿಕೊಳ್ಳಲೂ ನಾಚಿಕೆಯಾಗುತ್ತದೆ. ಆರ್ಡರ್ ತಡೆದ ದಿನ ಊಟದ ಮನೆಯಲ್ಲಿ ಎಲ್ಲರ ಮುಂದೆ ಅತ್ತುಬಿಟ್ಟೆ. ಆದರೂ ನಿಮ್ಮ ಸಹಿಯ ಮೇಲೆ ಬೇಡ.

ನನ್ನ ಪ್ರಶ್ನೆಗೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ. ಪರೀಕ್ಷೆ ಮುಗಿದ ಮೇಲೆ ನಾನು ಊರಿಗೆ ಬರುವುದಿಲ್ಲ. ಇಲ್ಲಿ ಬಿ.ಕಾಂ. ಹುಡುಗಿಯರಿಗೆ ಪಾಠ ಹೇಳಿಕೊಂಡು ಇರುತ್ತೇನೆ. ಅವ್ವನಿಗೆ ನಮಸ್ಕಾರ.

ವಾರಿಜಾ

*

ವಾಡಿ
೨೪ ಮೇ ೧೯೭೮

ಚಿ. ವಾರಿಜಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದಾಗ ನಾನು ಅದನ್ನು ಒಪ್ಪಲಿಲ್ಲ. ಹುಡುಗಿಗೆ ತಲೆ ಕೆಟ್ಟಿದೆ, ಸಹಿ ಮಾಡಿಬಿಟ್ಟರೆ ಆರ್ಡರ್ ನೋಡಿ ತಾನೇ ತಣ್ಣಗಾಗುತ್ತಾಳೆ ಎಂದುಕೊಂಡೆ. ರಜೆಯನ್ನೂ ಹಾಕಿದೆ.

ಹೊರಡುವ ಹಿಂದಿನ ದಿನ ಸೇಡಂನವರು ಬಂದರು. ಹುಡುಗನ ತಂದೆ, ಸೋದರಮಾವ, ನಿನ್ನ ಗೋಪಾಲಮಾಮಾ. ಕೂತು ನೀರು ಕುಡಿಯುವ ಮೊದಲೇ ಆ ತಂದೆ ಕೇಳಿದ, "ಬ್ಯಾಂಕಿನ ಆರ್ಡರ್ ಕೈಯಾಗ ಅದನೋ, ಇನ್ನಾ ಬರೂದದನೋ?" ಬರುವುದಿದೆ ಎಂದೆ. "ಬರಲಿ ಬರಲಿ. ಬಂದ ಮ್ಯಾಲ ಮುಂದಿನ ಮಾತು. ಪಗಾರ ಎಷ್ಟಂತ? ನೌಕರಿ 'ಬ್ಯಾಡ' ಅನ್ನೂ ಮಂದಿ ಅಲ್ಲರಿ ನಾವು, ಮುಂದಕ್ಕ ಹೋದಾವ್ರು. ಪಗಾರಷ್ಟೂ ತಿಂಗಳಾ ತಿಂಗಳಾ ಮನೀಗಿ ಬರಬೇಕು, ಮಾತು ಮೊದಲ ಸಾಫ್ ಆಗಿರಲಿ" ಎಂದ. ನಿನ್ನ ಹೆಸರನ್ನು ಅವರು ಕೇಳಿದ್ದು ಇದಾದ ಎಷ್ಟೋ ಹೊತ್ತಿನ ಮೇಲೆ. ಅದೂ ಸೋದರಮಾವ ಕೇಳಿದ.

ನಾನು ಹೆಮ್ಮೆಯಿಂದ ತಿನ್ನುವುದಿಲ್ಲ ಎಂದು ಬಿಟ್ಟದ್ದನ್ನು ಇವರು ತಾಟು ಹಿಡಿದು ತಿನ್ನಲು ಬಂದಿದ್ದರು. ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನು ಅನ್ನಲಿಲ್ಲ, ಮನೆಗೆ ಬಂದವರು. "ಸಿಕಂದರಾಬಾದ ಗಾಡಿ ಇನ್ನ ಸ್ವಲ್ಪ ಹೊತ್ತಿನ್ಯಾಗ ಅದರಿ, ತಪ್ಪಿಸಿಗೋಬ್ಯಾಡ್ರಿ" ಎಂದೆ. ಗೋಪಾಲ ನನ್ನ ಮೇಲೆ ಸಿಟ್ಟಾಗಿದ್ದಾನೆ, ಆಗಲಿ.

ಮರುದಿನ ಗುಲಬರ್ಗಾಕ್ಕೆ ಹೋದೆ. ಅಲ್ಲಿಯ ವ್ಯವಸ್ಥಾಪಕರು ಕುರ್ಚಿ ಕೊಟ್ಟರು, ಟೈಪು ಮಾಡಿದ ಹಾಳೆ ಮುಂದಿಟ್ಟರು. "ಇಲ್ಲೊಂದು ಸಹಿ ಮಾಡಿಬಿಡಿ ರಾಯರೇ, ಆರ್ಡರ್ ತಯಾರಿದೆ" ಎಂದರು. ಪೆನ್ನನ್ನೂ ಅವರೇ ಬಿಚ್ಚಿ ಕೊಟ್ಟರು. ಪೆನ್ನು ಹಿಡಿದು ಕೂತೆ. ಹಾಳೆಯ ಮೇಲೆ ಎಲ್ಲ ಕಡೆ ನನ್ನ ಹೆಸರೇ ಇತ್ತು, ನಿನ್ನ ಹೆಸರು ಒಂದು ಕಡೆ ಇತ್ತು. ಪೆನ್ನು ಕೆಳಗಿಟ್ಟೆ. "ಸಾಹೇಬ್ರ, ನನ್ನ ಸಹಿನೇ ಬೇಕಾಗಿದ್ರ ನೌಕರಿ ನನಗ ಕೊಡ್ರಿ. ಅಕೀಗಿ ಕೊಡೂದಿದ್ರ ಅಕೀನ್ನ ಕೇಳ್ರಿ" ಎಂದೆ. ಅವರಿಗೆ ಸಿಟ್ಟು ಬಂತು. ನಿಯಮ, ಪದ್ಧತಿ ಎಂದು ಏನೇನೋ ಹೇಳಿದರು. ನಾನೂ ದನಿ ಏರಿಸಿದೆ. ಹೊರಗಿನ ಗುಮಾಸ್ತರೆಲ್ಲ ಬಾಗಿಲಿಗೆ ಬಂದು ನಿಂತರು. ಆ ಬೂಟಿನ ಮನುಷ್ಯನೂ ಅಲ್ಲಿದ್ದ, ನನ್ನ ಕಡೆ ನೋಡಲಿಲ್ಲ.

ಸಹಿ ಮಾಡದೆ ಬಂದೆ. ಇನ್ನು ಆರ್ಡರ್ ಬರಲಿಕ್ಕಿಲ್ಲ ಎಂದು ತೋರುತ್ತದೆ. ಮೊದಲು ಬಾಯಿ ಬಿಟ್ಟು ಕೆಡಿಸಿದೆ, ಈಗ ಸಹಿ ಬಿಟ್ಟು ಕೆಡಿಸಿದೆನೋ ಏನೋ. ಬೈಯುವುದಿದ್ದರೆ ಬೈದು ಬರೆ. ಆದರೆ ಬರೆ.

ನಿನ್ನ ಅಪ್ಪ

*

ಧಾರವಾಡ
೧೭ ಜೂನ್ ೧೯೭೮

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ಆರ್ಡರ್ ಬಂದಿದೆ. ಚಿಂಚೋಳಿ ಶಾಖೆ. ಜುಲೈ ಮೂರಕ್ಕೆ ಹಾಜರಾಗಬೇಕು.

ಹೋದ ವಾರ ನನ್ನನ್ನೇ ಗುಲಬರ್ಗಾಕ್ಕೆ ಕರೆಸಿದ್ದರು. ಅಲ್ಲಿಯ ತನಕ ಬಂದು ವಾಡಿಗೆ ಬಾರದೆ ತಿರುಗಿ ಹೋದೆ. ಬೇಕೆಂದೇ ಹೋದೆ. ನಿಮ್ಮನ್ನು ಕೂರಿಸಿದ ಕುರ್ಚಿಯಲ್ಲೇ ಕೂರಿಸಿ, ಮದುವೆಯಾದ ಮೇಲೆ ಏನು ಮಾಡುತ್ತೀ ಎಂದು ಕೇಳಿದರು. "ಬಿಡಬೇಕೆನಿಸಿದ ದಿನ ನಿಯಮದ ಪ್ರಕಾರ ನೋಟಿಸು ಕೊಟ್ಟು ಬಿಡುತ್ತೇನೆ. ಜಹಾಂಗೀರನಿಗೂ ಅದೇ ನಿಯಮವಲ್ಲವೇ?" ಎಂದೆ. ಅವರು ನಗಲಿಲ್ಲ. "ನಿಮ್ಮ ಮನೆಯವರೆಲ್ಲ ಜಗಳಗಂಟರೇ?" ಎಂದು ಕೇಳಿ ಸಹಿ ಹಾಕಿದರು. ರೈಲಿಲ್ಲದ ಊರು, ಹೆದರಿ ತಾನೇ ಬಿಡಲಿ ಎಂದು ಚಿಂಚೋಳಿ ಕೊಟ್ಟಿರಬಹುದು. ಬಿಡುವವಳಲ್ಲ ನಾನು.

ನೀವು ಪೆನ್ನು ಕೆಳಗಿಟ್ಟದ್ದನ್ನು ಓದಿ ಏನೆನ್ನಿಸಿತು ಎಂದು ಬರೆಯಲು ಹೋದರೆ ಕಣ್ಣು ತುಂಬುತ್ತದೆ. ಆದರೆ ಅದಕ್ಕೆಂದು ಎಲ್ಲ ಮರೆತೆ ಎಂದು ತಿಳಿಯಬೇಡಿ. ಸೇಡಂನವರು ಕೆಟ್ಟವರಾಗಿದ್ದಕ್ಕೆ ನಿಮಗೆ ಬುದ್ಧಿ ಬಂತು. ಒಳ್ಳೆಯವರಾಗಿ ಬಂದು, ನೌಕರಿ ಬೇಡ ಎಂದಿದ್ದರೆ? ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ. ಇಷ್ಟೆಲ್ಲ ಆದರೂ ನಮ್ಮ ಮನೆಯಲ್ಲಿ ನನ್ನನ್ನು ಕೇಳಿದವರು ಯಾರೂ ಇಲ್ಲ.

ಚಿಂಚೋಳಿಗೆ ಮಾಮಾನನ್ನಾಗಲಿ ಯಾರನ್ನಾಗಲಿ ಕಳಿಸಬೇಡಿ. ಒಬ್ಬಳೇ ಹೋಗುತ್ತೇನೆ, ಒಬ್ಬಳೇ ಇರುತ್ತೇನೆ. ಹಾಜರಾಗುವ ಹಿಂದಿನ ದಿನ, ಭಾನುವಾರ, ಗುಲಬರ್ಗಾದಿಂದ ಮಧ್ಯಾಹ್ನದ ಬಸ್ಸು. ಅವ್ವನಿಗೆ ನಮಸ್ಕಾರ.

ವಾರಿಜಾ

*

ವಾಡಿ
೨೩ ಜೂನ್ ೧೯೭೮

ಚಿ. ವಾರಿಜಾಗ ಅವ್ವನ ಆಶೀರ್ವಾದ.

ನಾ ನಾಕನೇ ಕ್ಲಾಸ ತನಾ ಕಲತಾಕಿ. ಮಾತಾಡಿದಂಗ ಬರೀತೀನಿ, ತಪ್ಪು ಹುಡುಕಬ್ಯಾಡ.

ನಿನ್ನ ಕಾಗದ ಎಲ್ಲಾ ನಾ ಓದೀನಿ. ನಿಮ್ಮಪ್ಪ ನನಗ ಓದಿ ಹೇಳ್ತಾರ, ಬ್ಯಾಡಾದ್ದು ಬಿಟ್ಟು ಓದ್ತಾರ. ಅವರು ಡ್ಯೂಟಿಗಿ ಹೋದ ಮ್ಯಾಲ ಬಿಟ್ಟದ್ದೂ ಓದ್ತೀನಿ.

ಅವತ್ತು ಬಂದಾವ ಬ್ಯಾಂಕಿನಾವ ಅಂತ ನನಗ ಅವತ್ತೇ ಗೊತ್ತಾಗಿತ್ತು. ಗೋತ್ರ ಕೇಳಲಿಲ್ಲ, ಕುಂಡಲಿ ಕೇಳಲಿಲ್ಲ. ಹಣಕಾಸಿನ ಪೇಪರಿನ್ಯಾಗ ಎಷ್ಟು ಮಾರ್ಕು ಅಂತ ಯಾವ ಬೀಗರು ಕೇಳ್ತಾರ? ಒಲಿ ಮುಂದ ಕುಂತು ಕೇಳಲಿಕತ್ತಿದ್ದೆ. ಬಾಗಲಕ ಬಂದು 'ಒಂದೀಟು ಒಳಗ ಬರ್ರಿ' ಅಂದೆ. 'ಆಮ್ಯಾಲ' ಅಂದ್ರು. ಮತ್ತೊಮ್ಮೆ ಅಂದೆ. ಕಣ್ಣು ಬಿಟ್ರು. ನಾ ಒಳಗ ಹೋದೆ. ಅವ ಹೋದ ಮ್ಯಾಲ ಹೇಳಿದೆ, ಅವ ಸೇಡಂನಾವ ಅಲ್ಲರಿ ಅಂತ. 'ನಿನಗೇನು ತಿಳೀತದ, ಸುಮ್ಮನಿರು' ಅಂದ್ರು. ಸುಮ್ಮನಾದೆ. ಬ್ಯಾಂಕಿನಾವ್ರು ಬರ್ತಾರ ಅಂತ ನಿನ್ನ ಕಾಗದ ಬಂದ ದಿನ ಅವರು ಉಣಲಿಲ್ಲ, ನನ್ನ ಮುಖಾನೂ ನೋಡಲಿಲ್ಲ.

ಬ್ಯಾಂಕಿನಾವ ನಿಮ್ಮಪ್ಪನ್ನ ಕೇಳಿದ. ಸೇಡಂನಾವ್ರೂ ನಿಮ್ಮಪ್ಪನ್ನೇ ಕೇಳಿದ್ರು. 'ನನ್ನ ಯಾರೂ ಕೇಳಲಿಲ್ಲ' ಅಂತ ನೀ ನಾಲ್ಕು ತಿಂಗಳಾತು ಒದರಲಿಕತ್ತಿ. ಖರೇನೇ ಅದ. ಓದೀದಾಗೊಮ್ಮೆ ನನಗೂ ಹೊಟ್ಟಿ ಉರೀತದ. ಆದ್ರ ತಂಗೀ, ನೀನೂ ಎಲ್ಲಾ ನಿಮ್ಮಪ್ಪನ್ನೇ ಕೇಳಿದಿ. ಸಿಟ್ಟೂ ಅವರ ಮ್ಯಾಲೇ, ಪ್ರಶ್ನೀನೂ ಅವರಿಗೇ. ಕಡೀಕ ಒಂದು ಸಾಲು, ಅವ್ವಗ ನಮಸ್ಕಾರ. ಅದೂ ಒಮ್ಮೊಮ್ಮೆ ಇರೂದಿಲ್ಲ. 'ಅವ್ವಾ, ಅವತ್ತು ಏನಾತು' ಅಂತ ಇಷ್ಟು ಕಾಗದದಾಗ ಒಮ್ಮ್ಯಾರ ಕೇಳಿದೇನು? ಕೇಳಿದ್ರ ಹೇಳತಿದ್ದೆ. ಬ್ಯಾಂಕಿಗೂ ಬರದು ಹೇಳತಿದ್ದೆ. ಸಿಟ್ಟು ನಿನಗಷ್ಟ ಬರ್ತದ ಅಂತ ತಿಳೀಬ್ಯಾಡ. ನನಗೂ ಬರ್ತದ. ಇಟ್ಟಗೊಂಡು ರೂಢಿ ಆಗಿತ್ತು.

ಚಿಂಚೋಳಿಯೊಳಗ ಒಬ್ಬಾಕಿನೇ ಇರ್ತೀನಿ ಅಂತ ಬರದಿ. ನಿಮ್ಮಪ್ಪ ನಾನೇ ಹೋಗಿ ಬಿಟ್ಟು ಬರ್ತೀನಿ ಅಂತ ಕುಂತಾರ. ಇಬ್ಬರೂ ಸುಮ್ಮನಿರ್ರಿ. ಲಗ್ನ ಆಗಿ ಬಂದಾಗಿಂದ ಈ ಗಾಡಿ ಸಪ್ಪಳ ಬಿಟ್ಟು ನಾ ಎಲ್ಲೂ ಇದ್ದಾಕಿ ಅಲ್ಲ. ಟ್ರಂಕು ಕಟ್ಟೀನಿ. ನಿಮ್ಮಪ್ಪಗ ಅನ್ನಾ, ಬ್ಯಾಳಿ ಮಾಡೂದು ಹೇಳಿಕೊಟ್ಟೀನಿ. ನಿನ್ನೆ ತಳಾ ಹತ್ತಿಸಿದ್ರು, ಅದನ್ನೇ ಉಂಡ್ರು.

ಭಾನುವಾರ ಗುಲಬರ್ಗಾ ಬಸ್ ಸ್ಟ್ಯಾಂಡಿನ್ಯಾಗ ಚಿಂಚೋಳಿ ಬಸ್ಸಿನ ಹತ್ರ ಇರ್ತೀನಿ. ಹೋಗಲ್ಯಾ ಅಂತ ನಿಮ್ಮಪ್ಪನ್ನ ಕೇಳಿಲ್ಲ. ಬರಲ್ಯಾ ಅಂತ ನಿನ್ನೂ ಕೇಳಲಿಕತ್ತಿಲ್ಲ.

ನಿನ್ನ ಅವ್ವ,
ಸರಸ್ವತಿಬಾಯಿ